ತೆಂಗಿನ ತೋಟದ ಬಹು-ಚಾನೆಲ್ ಚಿತ್ರಗಳು: ಪಿಕ್ಸೆಲ್ ಸಂಖ್ಯೆಗಳನ್ನು ತಪ್ಪಿಲ್ಲದೆ ಓದುವ ಕ್ರಮ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ಪ್ರಮುಖ ಬಹುವಾರ್ಷಿಕ ಬೆಳೆಯಾಗಿದ್ದು, ಉಂಡೆ ಕೊಬ್ಬರಿಯು ಇಲ್ಲಿನ ರೈತ ಕುಟುಂಬಗಳ ಮುಖ್ಯ ಆದಾಯ ಮೂಲವಾಗಿದೆ. ತಿಪಟೂರು ಟಾಲ್ ತಳಿಯ ಸಸಿ ನೆಟ್ಟು ಫಸಲು ಕಾಣಲು 6ರಿಂದ 7 ವರ್ಷಗಳು ಬೇಕು. ಆದುದರಿಂದ ತೆಂಗಿನ ಮರವೊಂದನ್ನು ರೋಗಗ್ರಸ್ತವೆಂದು ತೀರ್ಮಾನಿಸಿ ಕಡಿಯುವುದು, ರಾಗಿಯ ಪೈರನ್ನು ಉತ್ತು ಮತ್ತೆ ಬಿತ್ತುವಷ್ಟು ಸುಲಭದ ನಿರ್ಧಾರವಲ್ಲ.

ಈಚಿನ ವರ್ಷಗಳಲ್ಲಿ ಡ್ರೋನ್ ಮತ್ತು ಉಪಗ್ರಹ ಚಿತ್ರಗಳಿಂದ ತಯಾರಿಸಿದ ಬಣ್ಣದ ನಕ್ಷೆಗಳು ತೋಟದ ಬಾಗಿಲಿಗೇ ಬರುತ್ತಿವೆ. ರೈತ ಉತ್ಪಾದಕರ ಸಂಸ್ಥೆಗಳಲ್ಲಿ ಕೆಲಸ ಮಾಡುವ ಯುವಕರು, ತೋಟಗಾರಿಕೆ ಪದವೀಧರರು ಹಾಗೂ ವಿಸ್ತರಣಾ ಕಾರ್ಯಕರ್ತರು ತಮ್ಮ ಗಣಕದಲ್ಲಿಯೇ ಉಚಿತ ತಂತ್ರಾಂಶಗಳನ್ನು ಬಳಸಿ ಇಂತಹ ನಕ್ಷೆಗಳನ್ನು ಸಿದ್ಧಪಡಿಸುತ್ತಿದ್ದಾರೆ. ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಈ ಕೆಲಸದಲ್ಲಿ ಒಂದು ವಿಶೇಷ ಅಪಾಯವಿದೆ. ಲೆಕ್ಕ ತಪ್ಪಿದಾಗ ತಂತ್ರಾಂಶವು ದೋಷವನ್ನು ತಿಳಿಸದೆ, ನೋಡಲು ಅಚ್ಚುಕಟ್ಟಾಗಿರುವ ತಪ್ಪು ನಕ್ಷೆಯೊಂದನ್ನು ಕೊಟ್ಟುಬಿಡುತ್ತದೆ. ನಕ್ಷೆ ತಯಾರಿಸುವವರು ಎಲ್ಲಿ ಎಡವುತ್ತಾರೆ ಮತ್ತು ನಕ್ಷೆಯನ್ನು ಕೈಗೆ ಪಡೆಯುವ ರೈತರು ಏನನ್ನು ಕೇಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪಿಕ್ಸೆಲ್ ಮತ್ತು ಚಾನೆಲ್

ಗಣಕದ ದೃಷ್ಟಿಯಲ್ಲಿ ಚಿತ್ರವೆಂದರೆ ಸಂಖ್ಯೆಗಳ ಕೋಷ್ಟಕ. ಅದರ ಒಂದೊಂದು ಮನೆಯೇ ಒಂದೊಂದು ಪಿಕ್ಸೆಲ್. ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿ ಮನೆಗೆ ಒಂದು ಸಂಖ್ಯೆ ಇದ್ದರೆ, ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳಿರುತ್ತವೆ. ಹೀಗೆ ಒಂದರ ಮೇಲೊಂದು ಪೇರಿಸಿದ ಒಂದೊಂದು ಪದರವನ್ನು ಚಾನೆಲ್ ಎಂದು ಕರೆಯಲಾಗುತ್ತದೆ. ಉಪಗ್ರಹ ಚಿತ್ರಗಳಲ್ಲಿ ಇದಕ್ಕೆ ಬ್ಯಾಂಡ್ ಎಂಬ ಹೆಸರು ರೂಢಿಯಲ್ಲಿದೆ. ಬಹುವರ್ಣೀಯ ಡ್ರೋನ್ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ನೀಲಿ, ಹಸಿರು, ಕೆಂಪು, ಕೆಂಪಂಚು ಮತ್ತು ಅವಕೆಂಪು ಎಂಬ ಐದು ಚಾನೆಲ್‌ಗಳಿರುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದಲ್ಲಿ 13 ಬ್ಯಾಂಡ್‌ಗಳಿವೆ.

ಸಸ್ಯಗಳ ಅಧ್ಯಯನಕ್ಕೆ ಅವಕೆಂಪು ಚಾನೆಲ್ ಮುಖ್ಯವಾದುದು. ಹಸಿರೆಲೆಯು ಕೆಂಪು ಬೆಳಕನ್ನು ಪತ್ರಹರಿತ್ತಿನ ಮೂಲಕ ಹೀರಿಕೊಳ್ಳುತ್ತದೆ; ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಲೆಯ ಒಳರಚನೆಯು ಹೆಚ್ಚಾಗಿ ಹಿಂದಿರುಗಿಸುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ಎನ್‌ಡಿವಿಐ, ಅಂದರೆ ಸಸ್ಯ ಸೂಚ್ಯಂಕ. ಇದು −1ರಿಂದ +1ರವರೆಗೆ ಇರುತ್ತದೆ. ಸೂತ್ರ ಚಿಕ್ಕದು. ತೊಂದರೆ ಬರುವುದು ಸೂತ್ರಕ್ಕೆ ಹಾಕುವ ಸಂಖ್ಯೆಗಳಲ್ಲಿ.

ಚಾನೆಲ್‌ಗಳ ಕ್ರಮ ತಪ್ಪಿದಾಗ

ಪೈಥಾನ್ ಭಾಷೆಯಲ್ಲಿ ಚಿತ್ರ ಸಂಸ್ಕರಣೆಗೆ ಹೆಚ್ಚಾಗಿ ಬಳಸುವ ಓಪನ್‌ಸಿವಿ ಗ್ರಂಥಾಲಯವು ಬಣ್ಣದ ಚಿತ್ರವನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಓದುತ್ತದೆ. ಪಿಲ್ಲೋ ಮೊದಲಾದ ಇತರ ಗ್ರಂಥಾಲಯಗಳು ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ಓದುತ್ತವೆ. ಒಂದರಲ್ಲಿ ಓದಿದ ಚಿತ್ರವನ್ನು ಇನ್ನೊಂದರ ಕ್ರಮವೆಂದು ಭಾವಿಸಿ ಲೆಕ್ಕ ಹಾಕಿದರೆ ಕೆಂಪು-ನೀಲಿ ಅದಲುಬದಲಾಗುತ್ತವೆ. ಇದು ಎಲ್ಲರಿಗೂ ತಿಳಿದ ದೋಷವೇ. ಆದರೆ ತೆಂಗಿನ ಗರಿಯ ಚಿತ್ರದಲ್ಲಿ ಇದು ಹೇಗೆ ಅಡಗಿ ಕೂರುತ್ತದೆ ಎಂಬುದನ್ನು ಉದಾಹರಣೆಯೊಂದಿಗೆ ನೋಡುವುದು ಅಗತ್ಯ.

ಮೊಬೈಲ್‌ನಲ್ಲಿ ತೆಗೆದ ಚಿತ್ರದಲ್ಲಿ ಆರೋಗ್ಯವಂತ ಗರಿಯ ಒಂದು ಪಿಕ್ಸೆಲ್‌ನ ಕೆಂಪು 70, ಹಸಿರು 120, ನೀಲಿ 40 ಎಂದಿಟ್ಟುಕೊಳ್ಳೋಣ. ಹಳದಿಯಾದ ಗರಿಯಲ್ಲಿ ಅವು ಅನುಕ್ರಮವಾಗಿ 190, 180, 60 ಆಗಿರಲಿ. ಬಣ್ಣದ ಛಾಯೆಯನ್ನು ಓಪನ್‌ಸಿವಿ 0ರಿಂದ 179ರವರೆಗಿನ ಅಳತೆಯಲ್ಲಿ ಕೊಡುತ್ತದೆ. 360 ಡಿಗ್ರಿಯ ಬಣ್ಣದ ಚಕ್ರವನ್ನು ಅರ್ಧಕ್ಕೆ ಇಳಿಸಿದ ಅಳತೆ ಇದು. ಸರಿಯಾದ ಕ್ರಮದಲ್ಲಿ ಓದಿದರೆ ಹಸಿರು ಗರಿಯ ಛಾಯೆ ಸುಮಾರು 49, ಹಳದಿ ಗರಿಯದು ಸುಮಾರು 28. ಕೆಂಪು-ನೀಲಿ ಅದಲುಬದಲಾದರೆ ಹಸಿರು ಗರಿಯ ಛಾಯೆ ಸುಮಾರು 71 ಆಗುತ್ತದೆ. ಅದೂ ಹಸಿರಿನ ವ್ಯಾಪ್ತಿಯೇ. ಆದರೆ ಹಳದಿ ಗರಿಯ ಛಾಯೆ ಸುಮಾರು 92ಕ್ಕೆ ಜಿಗಿದು ತಿಳಿನೀಲಿಯಾಗುತ್ತದೆ. 20ರಿಂದ 35ರ ನಡುವಿನ ಪಿಕ್ಸೆಲ್‌ಗಳನ್ನು ಹಳದಿ ಎಂದು ಎಣಿಸುವ ಕಾರ್ಯಕ್ರಮಕ್ಕೆ ಆಗ ಹಳದಿಯೇ ಕಾಣಿಸದು. ಹಸಿರು ಎಂದಿನಂತೆ ಎಣಿಕೆಯಾಗುವುದರಿಂದ ಕಾರ್ಯಕ್ರಮ ಸರಿಯಾಗಿ ನಡೆಯುತ್ತಿದೆ ಎಂಬ ಭಾವನೆ ಬರುತ್ತದೆ. ತೋಟ ಪೂರ್ತಿ ಆರೋಗ್ಯವಾಗಿದೆ ಎಂಬ ವರದಿಯೂ ಸಿದ್ಧವಾಗುತ್ತದೆ. ಹಸಿರು ಚಾನೆಲ್ ಎರಡೂ ಕ್ರಮಗಳಲ್ಲಿ ನಡುವೆಯೇ ಇರುವುದು ಇದಕ್ಕೆ ಕಾರಣ. ಆದುದರಿಂದ ಹಸಿರೆಲೆಯ ಚಿತ್ರದಿಂದ ಕ್ರಮವನ್ನು ಪರೀಕ್ಷಿಸಬಾರದು. ನಮ್ಮ ಕೆಂಪು ಮಣ್ಣಿನ ಚಿತ್ರವನ್ನು ತೆರೆದು ನೋಡಿ: ಮಣ್ಣು ನೀಲಿಯಾಗಿ ಕಂಡರೆ ಕ್ರಮ ತಪ್ಪಿದೆ.

ಸಂಖ್ಯೆಯ ಮಾದರಿ

ಎರಡನೆಯ ದೋಷ ಇದಕ್ಕಿಂತ ಸೂಕ್ಷ್ಮವಾದುದು. ಮೊಬೈಲ್ ಚಿತ್ರದ ಪ್ರತಿ ಚಾನೆಲ್‌ನಲ್ಲಿ 0ರಿಂದ 255ರವರೆಗಿನ ಪೂರ್ಣಾಂಕಗಳು ಮಾತ್ರ ಇರಬಲ್ಲವು. ಇದಕ್ಕೆ 8 ಬಿಟ್ ಮಾದರಿ ಎನ್ನುತ್ತಾರೆ. ಈ ಮಾದರಿಯಲ್ಲಿ ಋಣ ಸಂಖ್ಯೆಗೆ ಸ್ಥಳವೇ ಇಲ್ಲ. ನಮ್‌ಪೈ ಗ್ರಂಥಾಲಯದಲ್ಲಿ 60ರಿಂದ 100 ಕಳೆದರೆ ಉತ್ತರ −40ರ ಬದಲು 216 ಬರುತ್ತದೆ. ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿ 12ನ್ನು ದಾಟಿ 11ಕ್ಕೆ ಬರುವ ಹಾಗೆ. 200ಕ್ಕೆ 100 ಕೂಡಿಸಿದರೆ 44. ಓಪನ್‌ಸಿವಿಯ ಸ್ವಂತ ಕೂಡುವ-ಕಳೆಯುವ ಆದೇಶಗಳು ಹೀಗೆ ಸುತ್ತುವುದಿಲ್ಲ. ಅವು 255ರಲ್ಲಿ ಅಥವಾ 0ಯಲ್ಲಿ ನಿಂತುಬಿಡುತ್ತವೆ. ಒಂದೇ ಚಿತ್ರಕ್ಕೆ ಎರಡು ಗ್ರಂಥಾಲಯಗಳು ಎರಡು ಉತ್ತರ ಕೊಡುತ್ತವೆ, ಎರಡೂ ತಪ್ಪು.

ಅಧಿಕ ಹಸಿರು ಸೂಚ್ಯಂಕವನ್ನು ತೆಗೆದುಕೊಳ್ಳಿ. ಹಸಿರಿನ ಎರಡರಷ್ಟರಿಂದ ಕೆಂಪು ಮತ್ತು ನೀಲಿಯನ್ನು ಕಳೆಯುವ ಲೆಕ್ಕ ಇದು. ಮೇಲಿನ ಹಸಿರು ಗರಿಗೆ 240 − 70 − 40 = 130. ಪಾತಿಯ ಕೆಂಪು ಮಣ್ಣಿನ ಪಿಕ್ಸೆಲ್‌ನಲ್ಲಿ ಕೆಂಪು 170, ಹಸಿರು 100, ನೀಲಿ 70 ಇದ್ದರೆ ಬರಬೇಕಾದದ್ದು −40. 8 ಬಿಟ್ ಲೆಕ್ಕದಲ್ಲಿ ಬರುವುದು 216. ಅಂದರೆ ಮರದ ಬುಡದ ಬರಿಯ ಮಣ್ಣು, ಗರಿಗಿಂತ ಹೆಚ್ಚು ಹಸಿರಾಗಿದೆ ಎಂದು ನಕ್ಷೆ ಹೇಳುತ್ತದೆ. ಇದನ್ನು ತಪ್ಪಿಸಲು ಲೆಕ್ಕಕ್ಕೆ ಮೊದಲೇ ಚಿತ್ರವನ್ನು ದಶಾಂಶ ಮಾದರಿಗೆ ಬದಲಿಸಬೇಕು. ಇದು ಒಂದು ಸಾಲಿನ ಕೆಲಸ. ಲೆಕ್ಕವಾದ ಮೇಲೆ ಬದಲಿಸಿದರೆ ಪ್ರಯೋಜನವಿಲ್ಲ.

ಇದೇ ಸೂಚ್ಯಂಕದ ಬಗ್ಗೆ ಇನ್ನೊಂದು ಮಾತು. ಹಳದಿ ಗರಿಗೆ ಲೆಕ್ಕ ಹಾಕಿದರೆ 360 − 190 − 60 = 110 ಬರುತ್ತದೆ; ಹಸಿರು ಗರಿಯ 130ಕ್ಕೆ ಇದು ತೀರ ಹತ್ತಿರ. ಹಳದಿ ಗರಿ ಹೆಚ್ಚು ಬೆಳಕನ್ನು ಹಿಂದಿರುಗಿಸುವುದರಿಂದ ಹೀಗಾಗುತ್ತದೆ. ಮೂರೂ ಚಾನೆಲ್‌ಗಳ ಮೊತ್ತದಿಂದ ಭಾಗಿಸಿದರೆ ಹಸಿರು ಗರಿಗೆ 0.57, ಹಳದಿ ಗರಿಗೆ 0.26 ದೊರೆತು ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಿಸಿಲು-ನೆರಳು ಬೆರೆತ ತೆಂಗಿನ ತೋಟದಲ್ಲಿ ಹೀಗೆ ಭಾಗಿಸದ ಯಾವ ಸೂಚ್ಯಂಕವನ್ನೂ ನಂಬಬಾರದೆಂಬುದು ನನ್ನ ಅಭಿಪ್ರಾಯ.

ನಾಲ್ಕನೆಯ ಚಾನೆಲ್ ಯಾವುದು?

ಸಾಮಾನ್ಯ ಬಣ್ಣದ ಕ್ಯಾಮೆರಾ ಇರುವ ಡ್ರೋನ್‌ನಿಂದ ತೆಗೆದ ನೂರಾರು ಚಿತ್ರಗಳನ್ನು ಜೋಡಿಸಿ ತೋಟದ ಒಂದೇ ಚಿತ್ರ ಮಾಡಿದಾಗ, ಆ ಕಡತದಲ್ಲಿ ಅನೇಕ ವೇಳೆ ನಾಲ್ಕು ಚಾನೆಲ್‌ಗಳಿರುತ್ತವೆ. ನಾಲ್ಕನೆಯದು ಅವಕೆಂಪು ಎಂದು ಭಾವಿಸುವವರು ಬಹಳ. ಆದರೆ ಅದು ಪಾರದರ್ಶಕತೆಯ ಚಾನೆಲ್. ಅದಕ್ಕೆ ಆಲ್ಫಾ ಎಂದು ಹೆಸರು. ಚಿತ್ರವಿರುವ ಕಡೆ 255, ಅಂಚಿನ ಖಾಲಿ ಜಾಗದಲ್ಲಿ 0 ಎಂಬುದನ್ನು ಬಿಟ್ಟರೆ ಅದರಲ್ಲಿ ಬೆಳೆಯ ವಿಷಯ ಏನೂ ಇಲ್ಲ.

ಇದನ್ನೇ ಅವಕೆಂಪು ಎಂದು ಸಸ್ಯ ಸೂಚ್ಯಂಕದ ಸೂತ್ರಕ್ಕೆ ಹಾಕಿದರೆ ಏನಾಗುತ್ತದೆ? ಹಸಿರು ಗರಿಗೆ 255ರಿಂದ 70 ಕಳೆದು 325ರಿಂದ ಭಾಗಿಸಿದರೆ 0.57. ಹಳದಿ ಗರಿಗೆ 0.15. ಕೆಂಪು ಮಣ್ಣಿಗೆ 0.20. ಈ ಸಂಖ್ಯೆಗಳನ್ನು ನೋಡಿದ ಯಾವ ಅನುಭವಿಗೂ ಸಂಶಯ ಬಾರದು. ಒಳ್ಳೆಯ ತೋಟಕ್ಕೆ ಎಷ್ಟು ಬರಬೇಕೋ ಅಷ್ಟೇ ಬಂದಿದೆ. ವಾಸ್ತವವಾಗಿ ಇದು ಕೆಂಪು ಚಾನೆಲ್ಲೊಂದನ್ನೇ ತಲೆಕೆಳಗು ಮಾಡಿ ತೋರಿಸಿದ ಚಿತ್ರ. ಕೆಂಪು ಕಡಿಮೆ ಇರುವ ಪ್ರತಿಯೊಂದೂ, ನೆರಳು ಸಹ, ಇಲ್ಲಿ ಸಮೃದ್ಧ ಬೆಳೆಯಾಗಿ ಕಾಣುತ್ತದೆ. ಬಿಳಿನೊಣದ ಅಂಟುದ್ರವದ ಮೇಲೆ ಬೆಳೆದ ಕಪ್ಪು ಬೂಷ್ಟಿನಿಂದ ಮುಚ್ಚಿದ ಗರಿಯಲ್ಲಿಯೂ ಕೆಂಪು ಕಡಿಮೆ. ಅದೂ ಆರೋಗ್ಯವಂತ ಗರಿಯ ಸಾಲಿಗೆ ಸೇರುತ್ತದೆ. ಅವಕೆಂಪನ್ನು ದಾಖಲಿಸದ ಕ್ಯಾಮೆರಾದಿಂದ ಈ ಸೂಚ್ಯಂಕ ಎಂದಿಗೂ ಬಾರದು. ನಾಲ್ಕನೆಯ ಚಾನೆಲ್‌ನ ಕನಿಷ್ಠ, ಗರಿಷ್ಠ ಮತ್ತು ಸರಾಸರಿಯನ್ನು ಮುದ್ರಿಸಿ ನೋಡಿದರೆ ಸಾಕು. ಎಲ್ಲೆಡೆ 255 ಅಥವಾ 0 ಮಾತ್ರ ಇದ್ದರೆ ಅದು ಆಲ್ಫಾ.

ಬಹುವರ್ಣೀಯ ಕ್ಯಾಮೆರಾಗಳಲ್ಲಿಯೂ ಎಚ್ಚರ ಬೇಕು. ಕೆಲವು ತಯಾರಕರ ಕಡತಗಳಲ್ಲಿ ನಾಲ್ಕನೆಯದು ಅವಕೆಂಪು, ಐದನೆಯದು ಕೆಂಪಂಚು. ಇನ್ನು ಕೆಲವರಲ್ಲಿ ಇದು ತಿರುವುಮುರುವು. ಕೆಂಪು 600, ಕೆಂಪಂಚು 1100, ಅವಕೆಂಪು 3000 ಇರುವ ಮರಕ್ಕೆ ಸರಿಯಾದ ಸೂಚ್ಯಂಕ 0.67. ಅವಕೆಂಪಿನ ಬದಲು ಕೆಂಪಂಚು ಹಾಕಿದರೆ 0.29. ಚೆನ್ನಾಗಿರುವ ತೋಟ ಸೊರಗಿದ ತೋಟವಾಗಿ ತೋರುತ್ತದೆ. ಈ ಕ್ಯಾಮೆರಾಗಳಲ್ಲಿ ಪ್ರತಿ ಚಾನೆಲ್‌ಗೆ ಪ್ರತ್ಯೇಕ ಮಸೂರ ಇರುವುದರಿಂದ ಪದರಗಳು ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಜೋಡಿಸುವುದೂ ಅಗತ್ಯ. ನೆಲಮಟ್ಟದ ಬೆಳೆಗಿಂತ ತೆಂಗಿನಲ್ಲಿ ಇದು ಕಷ್ಟ: ಮರ ಎತ್ತರ, ಗಾಳಿಗೆ ಗರಿ ಆಡುತ್ತಲೇ ಇರುತ್ತದೆ. ಗಾಳಿ ಕಡಿಮೆ ಇರುವ ವೇಳೆಯಲ್ಲಿ ಹಾರಿಸಬೇಕು. ಹಾರಾಟದ ಮೊದಲು ಮತ್ತು ನಂತರ ಬೆಳಕಿನ ಅಳತೆಯ ಫಲಕದ ಚಿತ್ರ ತೆಗೆಯದಿದ್ದರೆ ಎರಡು ದಿನಗಳ ನಕ್ಷೆಗಳನ್ನು ಹೋಲಿಸಲಾಗದು.

ಉಪಗ್ರಹ ಚಿತ್ರಗಳು

ಸೆಂಟಿನೆಲ್-2 ಸರಣಿಯ ಮೊದಲ ಉಪಗ್ರಹ 2015ರ ಜೂನ್‌ನಲ್ಲಿ, ಎರಡನೆಯದು 2017ರ ಮಾರ್ಚ್‌ನಲ್ಲಿ ಕಕ್ಷೆ ಸೇರಿದವು. ಎರಡು ಉಪಗ್ರಹಗಳಿಂದ 5 ದಿನಗಳಿಗೊಮ್ಮೆ ಒಂದೇ ಸ್ಥಳದ ಚಿತ್ರ ಉಚಿತವಾಗಿ ದೊರೆಯುತ್ತದೆ. ಇದರ ನೀಲಿ, ಹಸಿರು, ಕೆಂಪು ಮತ್ತು ಅವಕೆಂಪು ಬ್ಯಾಂಡ್‌ಗಳು, ಅಂದರೆ 2, 3, 4 ಮತ್ತು 8ನೆಯವು, 10 ಮೀಟರ್ ಪಿಕ್ಸೆಲ್ ಹೊಂದಿವೆ. ಕೆಂಪಂಚಿನ 5, 6, 7ನೆಯ ಬ್ಯಾಂಡ್‌ಗಳು 20 ಮೀಟರ್. ವಾತಾವರಣ ತಿದ್ದುಪಡಿಗೆ ಬೇಕಾದ ಉಳಿದ ಕೆಲವು 60 ಮೀಟರ್. ನಮ್ಮ ದೇಶದ ರಿಸೋರ್ಸ್‌ಸ್ಯಾಟ್ ಸರಣಿಯ ಲಿಸ್-4 ಸಂವೇದಕವು 5.8 ಮೀಟರ್ ಪಿಕ್ಸೆಲ್‌ನಲ್ಲಿ ಹಸಿರು, ಕೆಂಪು, ಅವಕೆಂಪು ಎಂಬ ಮೂರು ಬ್ಯಾಂಡ್‌ಗಳನ್ನು ಕೊಡುತ್ತದೆ. ಇದರಲ್ಲಿ ನೀಲಿ ಇಲ್ಲ. ಹಾಗಾಗಿ ಅದರ ಮೂರು ಚಾನೆಲ್‌ಗಳನ್ನು ಸಾಮಾನ್ಯ ಬಣ್ಣದ ಚಿತ್ರದಂತೆ ಓದಬಾರದು.

ಇಲ್ಲಿ ಒಂದು ಮಾತನ್ನು ರೈತ ಬಾಂಧವರು ಗಮನದಲ್ಲಿಡಬೇಕು. ಉಪಗ್ರಹ ಚಿತ್ರವನ್ನು ಪರದೆಯ ಮೇಲೆ ತೋರಿಸುವಾಗ ಅವಕೆಂಪಿಗೆ ಕೆಂಪು ಬಣ್ಣ ಕೊಡುವ ಹಳೆಯ ಸಂಪ್ರದಾಯವಿದೆ. ಅಂತಹ ಚಿತ್ರದಲ್ಲಿ ಗಾಢ ಕೆಂಪು ಎಂದರೆ ಸಮೃದ್ಧ ತೋಟ. ಸಸ್ಯ ಸೂಚ್ಯಂಕದ ನಕ್ಷೆಯಲ್ಲಿ ಸಾಮಾನ್ಯವಾಗಿ ಕಡಿಮೆ ಸೂಚ್ಯಂಕಕ್ಕೆ ಕೆಂಪು ಬಣ್ಣ. ಅಲ್ಲಿ ಕೆಂಪು ಎಂದರೆ ಸೊರಗಿದ ಬೆಳೆ ಅಥವಾ ಬರಿಯ ನೆಲ. ಒಂದೇ ಸಭೆಯಲ್ಲಿ ಎರಡೂ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು, ವಿವರಣೆ ಇಲ್ಲದೆ ತೋರಿಸಿದ್ದನ್ನು ನಾನು ಕಂಡಿದ್ದೇನೆ. ಬಣ್ಣದ ಸೂಚಿ ಇಲ್ಲದ ನಕ್ಷೆಯನ್ನು ಒಪ್ಪಿಕೊಳ್ಳಬೇಡಿ.

30 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 48 ಮರಗಳಿದ್ದು, ಪ್ರತಿ ಮರಕ್ಕೆ ಸುಮಾರು 84 ಚದರ ಮೀಟರ್ ಜಾಗ ಬರುತ್ತದೆ. ಸೆಂಟಿನೆಲ್-2ರ ಒಂದು ಪಿಕ್ಸೆಲ್ 100 ಚದರ ಮೀಟರ್. ಲೆಕ್ಕಕ್ಕೆ ಪಿಕ್ಸೆಲ್ ಒಂದಕ್ಕೆ ಒಂದು ಮರ ಎಂಬಂತೆ ತೋರಿದರೂ, ಪಿಕ್ಸೆಲ್‌ಗಳ ಗೆರೆ ಮರಗಳ ಸಾಲನ್ನು ಅನುಸರಿಸುವುದಿಲ್ಲ. ಒಂದು ಪಿಕ್ಸೆಲ್‌ನಲ್ಲಿ ಎರಡು ಮೂರು ಮರಗಳ ಗರಿ, ನಡುವಿನ ನೆಲ, ನೆರಳು, ಅಂತರ ಬೆಳೆ ಎಲ್ಲವೂ ಬೆರೆತಿರುತ್ತವೆ. ಒಂದು ಎಕರೆಗೆ ಬರುವ ಸುಮಾರು 40 ಪಿಕ್ಸೆಲ್‌ಗಳಲ್ಲಿ ಬದುವಿನ ಮೇಲೆ ಬಿದ್ದು ಪಕ್ಕದ ಜಮೀನಿನೊಂದಿಗೆ ಬೆರೆತವನ್ನು ತೆಗೆದರೆ ಉಳಿಯುವುದು 25ರ ಆಸುಪಾಸು. ಆದುದರಿಂದ ಉಪಗ್ರಹ ಚಿತ್ರದಿಂದ ಇಂತಹ ಮರಕ್ಕೆ ರೋಗ ಬಂದಿದೆ ಎಂದು ಹೇಳಲಾಗದು. 20 ಮೀಟರ್ ಬ್ಯಾಂಡನ್ನು ತಂತ್ರಾಂಶದಲ್ಲಿ 10 ಮೀಟರಿಗೆ ಇಳಿಸಬಹುದು. ಅದರಿಂದ ಪಿಕ್ಸೆಲ್‌ಗಳ ಸಂಖ್ಯೆ ಹೆಚ್ಚುತ್ತದೆ, ಮಾಹಿತಿ ಹೆಚ್ಚುವುದಿಲ್ಲ.

ಈ ಚಿತ್ರಗಳ ಕಡತ 16 ಬಿಟ್ ಮಾದರಿಯದು. ಓಪನ್‌ಸಿವಿಯಲ್ಲಿ ವಿಶೇಷ ಸೂಚನೆ ಕೊಡದೆ ಓದಿದರೆ ಅದು 8 ಬಿಟ್‌ಗೆ ಇಳಿದುಹೋಗುತ್ತದೆ. 600 ಮತ್ತು 3000 ಎಂಬ ಸಂಖ್ಯೆಗಳು 2 ಮತ್ತು 11ರ ಆಸುಪಾಸಿಗೆ ಕುಗ್ಗುತ್ತವೆ. ಚಿತ್ರದೊಂದಿಗೆ ಇರುವ ಅಕ್ಷಾಂಶ-ರೇಖಾಂಶದ ಮಾಹಿತಿಯೂ ಕಳೆದುಹೋಗುತ್ತದೆ. ಉಪಗ್ರಹ ಚಿತ್ರಕ್ಕೆ ರಾಸ್ಟರಿಯೊ ಗ್ರಂಥಾಲಯ ಅಥವಾ ಕ್ಯೂಜಿಐಎಸ್ ತಂತ್ರಾಂಶ ಸೂಕ್ತ. ರಾಸ್ಟರಿಯೊದಲ್ಲಿ ಬ್ಯಾಂಡ್‌ಗಳ ಎಣಿಕೆ 1ರಿಂದ ಆರಂಭ. ಓದಿದ ಮೇಲೆ ಕೋಷ್ಟಕದಲ್ಲಿ ಎಣಿಕೆ 0ಯಿಂದ. ಬ್ಯಾಂಡ್ ಮೊದಲು, ನಂತರ ಸಾಲು ಮತ್ತು ಕಂಬ ಎಂಬುದು ಅದರ ಕ್ರಮ. ಓಪನ್‌ಸಿವಿಯಲ್ಲಿ ಸಾಲು, ಕಂಬ, ಕೊನೆಗೆ ಚಾನೆಲ್. ಒಂದರಿಂದ ಇನ್ನೊಂದಕ್ಕೆ ಕೊಡುವಾಗ ಅಕ್ಷಗಳನ್ನು ಬದಲಿಸಬೇಕು.

2022ರ ಜನವರಿ 25

ಈ ದಿನಾಂಕವನ್ನು ಸೆಂಟಿನೆಲ್-2 ಬಳಸುವ ಪ್ರತಿಯೊಬ್ಬರೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಅದಕ್ಕೆ ಮೊದಲು ಪಿಕ್ಸೆಲ್ ಸಂಖ್ಯೆಯನ್ನು 10,000ದಿಂದ ಭಾಗಿಸಿದರೆ ಪ್ರತಿಫಲನ ದೊರೆಯುತ್ತಿತ್ತು. ಅಂದಿನಿಂದ ಜಾರಿಗೆ ಬಂದ ಹೊಸ ಸಂಸ್ಕರಣಾ ಆವೃತ್ತಿಯಲ್ಲಿ ಎಲ್ಲ ಸಂಖ್ಯೆಗಳಿಗೂ 1000 ಕೂಡಿಸಲಾಗಿದೆ. ಭಾಗಿಸುವ ಮೊದಲು ಅದನ್ನು ಕಳೆಯಬೇಕು. ಹಳೆಯ ಚಿತ್ರಗಳನ್ನೂ ನಂತರ ಮರುಸಂಸ್ಕರಿಸಿ ಪ್ರಕಟಿಸಿರುವುದರಿಂದ, ಚಿತ್ರ ತೆಗೆದ ದಿನಾಂಕವನ್ನಷ್ಟೇ ನೋಡದೆ ಕಡತದಲ್ಲಿ ನಮೂದಾದ ಸಂಸ್ಕರಣಾ ಆವೃತ್ತಿಯನ್ನೂ ನೋಡಬೇಕು. ಆವೃತ್ತಿ 04.00 ಅಥವಾ ಅದಕ್ಕಿಂತ ಹೊಸದಾದರೆ 1000 ಕಳೆಯಬೇಕು.

ಕಳೆಯದಿದ್ದರೆ ಆಗುವ ಪರಿಣಾಮ ಅಲ್ಪವಲ್ಲ. ಹಳೆಯ ಚಿತ್ರದಲ್ಲಿ ಅವಕೆಂಪು 3000, ಕೆಂಪು 600 ಇದ್ದ ತೋಟದ ಸೂಚ್ಯಂಕ 0.67. ಅದೇ ತೋಟ ಅದೇ ಸ್ಥಿತಿಯಲ್ಲಿದ್ದರೂ ಹೊಸ ಚಿತ್ರದಲ್ಲಿ ಸಂಖ್ಯೆಗಳು 4000 ಮತ್ತು 1600. ನೇರವಾಗಿ ಲೆಕ್ಕ ಹಾಕಿದರೆ 0.43. ನಮ್ಮಲ್ಲಿಯೇ ಒಮ್ಮೆ ಈ ತಪ್ಪು ನಡೆಯಿತು. 2021ರ ಬೇಸಿಗೆಯನ್ನು 2023ರ ಬೇಸಿಗೆಯೊಂದಿಗೆ ಹೋಲಿಸಿದ ನಕ್ಷೆಯಲ್ಲಿ ಒಂದು ಹೋಬಳಿಯ ತೋಟಗಳೆಲ್ಲ ಸೊರಗಿದಂತೆ ಕಂಡವು. ಕಪ್ಪುತಲೆ ಹುಳುವಿನ ಬಾಧೆ ಇರಬೇಕೆಂದು ಊಹಿಸಿ ರೈತರ ಸಭೆ ಕರೆಯುವ ಮಾತೂ ಆಯಿತು. ಹೊರಡುವ ಮೊದಲು ನಕ್ಷೆಯಲ್ಲಿದ್ದ ಹೊಂಗೆ ತೋಪು ಮತ್ತು ಕೆರೆ ಏರಿಯ ಮರಗಳ ಮೇಲೆ ಕಣ್ಣು ಬಿದ್ದಿತು. ಅವೂ ಅಷ್ಟೇ ಸೊರಗಿದ್ದವು. ತೆಂಗಿನ ಹುಳು ಹೊಂಗೆಯನ್ನು ತಿನ್ನದು. ತಪ್ಪು ನನ್ನ ಲೆಕ್ಕದಲ್ಲಿತ್ತು.

ಸಾವಿರವನ್ನು ಕಳೆಯುವಾಗ ಮೇಲೆ ಹೇಳಿದ ಎರಡನೆಯ ದೋಷ ಮತ್ತೆ ಎದುರಾಗುತ್ತದೆ. ಕೆರೆಯ ನೀರು ಅಥವಾ ದಟ್ಟ ನೆರಳಿನಲ್ಲಿ ಸಂಖ್ಯೆ 1000ಕ್ಕಿಂತ ಕಡಿಮೆ ಇರುವುದುಂಟು. ಪೂರ್ಣಾಂಕ ಮಾದರಿಯಲ್ಲಿಯೇ ಕಳೆದರೆ ಅದು 65,000ದ ಆಚೆಗೆ ಹಾರುತ್ತದೆ. ಮೊದಲು ದಶಾಂಶ ಮಾದರಿ, ನಂತರ ವ್ಯವಕಲನ. ಖಾಲಿ ಪಿಕ್ಸೆಲ್‌ಗಳಿಗೆ 0 ಇರುವುದರಿಂದ ಅವನ್ನು ಇದಕ್ಕೂ ಮೊದಲೇ ಬೇರ್ಪಡಿಸಬೇಕು.

ಕೆರೆಯ ಪರೀಕ್ಷೆ

ಯಾವುದೇ ನಕ್ಷೆಯನ್ನು ತೋಟಕ್ಕೆ ಒಯ್ಯುವ ಮೊದಲು ಮೂರು ತಿಳಿದ ಸ್ಥಳಗಳ ಸಂಖ್ಯೆಗಳನ್ನು ಓದುವುದು ನಮ್ಮ ರೂಢಿ: ತೆರೆದ ನೀರು, ಉತ್ತ ಕೆಂಪು ಹೊಲ, ಆರೋಗ್ಯವಂತ ದಟ್ಟ ಮರಗಳು. ತುರುವೇಕೆರೆ ಕಡೆಯವರಿಗೆ ಮಲ್ಲಾಘಟ್ಟ ಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಬೋರನಕಣಿವೆ ಜಲಾಶಯ ಅನುಕೂಲ. ನೀರಿನಲ್ಲಿ ಅವಕೆಂಪು ಬಹಳ ಕಡಿಮೆ ಇರಬೇಕು, ಸೂಚ್ಯಂಕ ಸೊನ್ನೆಯ ಹತ್ತಿರ ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಉತ್ತ ಹೊಲದಲ್ಲಿ ಕೆಂಪಿಗಿಂತ ಅವಕೆಂಪು ತುಸು ಹೆಚ್ಚು. ಮರಗಳಲ್ಲಿ ಅವಕೆಂಪು ಕೆಂಪಿನ ಹಲವು ಪಟ್ಟು. ಈ ಮೂರರಲ್ಲಿ ಒಂದು ತಪ್ಪಿದರೂ ಕ್ರಮ, ಮಾದರಿ, ಸಾವಿರ, ನಾಲ್ಕನೆಯ ಚಾನೆಲ್ ಎಂಬ ನಾಲ್ಕನ್ನೂ ಮತ್ತೆ ನೋಡಬೇಕು. ಕಳೆ ಮುಚ್ಚಿದ ಕೆರೆಯನ್ನು ಆಯ್ದುಕೊಳ್ಳಬೇಡಿ. ಅದು ಒಳ್ಳೆಯ ತೋಟದಂತೆಯೇ ಕಾಣುತ್ತದೆ!

ಸರಿಯಾದ ನಕ್ಷೆಯೂ ಹೇಳಲಾರದ ಸಂಗತಿಗಳು

ಲೆಕ್ಕ ಸರಿಯಿದ್ದರೂ, ಆಕಾಶದಿಂದ ನೋಡಿದ ತೆಂಗು ಬೇರೆ, ಬುಡದಲ್ಲಿ ನಿಂತು ನೋಡಿದ ತೆಂಗು ಬೇರೆ. ಮೇಲಿನಿಂದ ಮೊದಲು ಕಾಣುವುದು ಸುಳಿ ಮತ್ತು ಎಳೆಯ ಗರಿಗಳು. ಕಪ್ಪುತಲೆ ಹುಳು ಕೆಳಸುತ್ತಿನ ಗರಿಗಳ ತಳಭಾಗದಲ್ಲಿ ಹಿಕ್ಕೆ ಮತ್ತು ನೂಲಿನ ಗೂಡು ಕಟ್ಟಿ ಹಸಿರು ಭಾಗವನ್ನು ಕೆರೆದು ತಿನ್ನುತ್ತದೆ. ಗರಿ ಸುಟ್ಟಂತಾಗಿ ಬಾಧೆ ಮೇಲಕ್ಕೇರಿದ ಮೇಲಷ್ಟೇ ಚಿತ್ರದಲ್ಲಿ ಗುರುತು ಸಿಗುತ್ತದೆ. ಜೈವಿಕ ಹತೋಟಿಗೆ ಗೋನಿಯೋಜಸ್ ಪರತಂತ್ರ ಜೀವಿಯನ್ನು ಬಿಡುವುದು ಹುಳುವಿನ ಹಂತವನ್ನು ಅವಲಂಬಿಸಿದೆ. ಬೆಳೆದ ಹುಳುಗಳಿದ್ದರೆ ಮಾತ್ರ ಅದು ಫಲಕಾರಿ. ಆ ಹಂತ ಯಾವ ಚಾನೆಲ್‌ನಲ್ಲಿಯೂ ಇಲ್ಲ. ಒಂದು ಗರಿ ಇಳಿಸಿ, ಗೂಡು ಬಿಡಿಸಿ ನೋಡಲೇಬೇಕು.

2016ರಲ್ಲಿ ಪೊಳ್ಳಾಚಿಯಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿನೊಣದ ಕಪ್ಪು ಬೂಷ್ಟು ಗರಿಯ ಮೇಲ್ಭಾಗದಲ್ಲಿ ಬೆಳೆಯುವುದರಿಂದ ಡ್ರೋನ್‌ಗೆ ಸ್ವಲ್ಪ ಮಟ್ಟಿಗೆ ಸಿಗುತ್ತದೆ. ಕಾಯಿಯ ತೊಟ್ಟಿನಡಿ ಇರುವ ನುಸಿ, ಕಾಂಡದಿಂದ ಸೋರುವ ಕಂದು ರಸ, ಕಾಂಡದೊಳಗಿನ ಕೆಂಪುಮೂತಿ ಹುಳು ಇವು ಯಾವುವೂ ಮೇಲಿನಿಂದ ಕಾಣವು. ಅಣಬೆ ರೋಗದಲ್ಲಿ ಗರಿ ಜೋತು ಬೀಳುವುದು ಕಾಣುವ ವೇಳೆಗೆ ಬೇರು ಮತ್ತು ಬುಡ ಕೊಳೆತಿರುತ್ತವೆ. ಪೊಟ್ಯಾಷ್ ಕೊರತೆ, ಮೆಗ್ನೀಷಿಯಂ ಕೊರತೆ, ನೀರಿನ ಅಭಾವ ಇವೆಲ್ಲವೂ ಹಳೆಯ ಗರಿಯ ಬಣ್ಣವನ್ನು ಕೆಡಿಸುತ್ತವೆ. ಸೂಚ್ಯಂಕ ಎಲ್ಲಕ್ಕೂ ಒಂದೇ ರೀತಿ ಇಳಿಯುತ್ತದೆ. ಗಣಿ ಲಾರಿಗಳು ಓಡಾಡುವ ಮಣ್ಣಿನ ರಸ್ತೆಯ ಬದಿಯಲ್ಲಿ ಗರಿಗಳ ಮೇಲಿನ ಕೆಂಪು ಧೂಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಂತರ ಬೆಳೆಯ ವಿಷಯವಂತೂ ನಮ್ಮ ಭಾಗದಲ್ಲಿ ದೊಡ್ಡದು. ಹಿಂಗಾರು ಮಳೆಯ ನಂತರ ತೋಟದೊಳಗಿನ ರಾಗಿ, ಹುರುಳಿ, ಅವರೆ ಅಥವಾ ಹಸಿರೆಲೆ ಗೊಬ್ಬರದ ಬೆಳೆ ಸೂಚ್ಯಂಕವನ್ನು ಏರಿಸುತ್ತದೆ. ಕೊಯ್ಲಾದೊಡನೆ ಅದು ಇಳಿಯುತ್ತದೆ. ಮರಗಳು ಇದ್ದಂತೆಯೇ ಇರುತ್ತವೆ. ಆದುದರಿಂದ ಅಕ್ಟೋಬರ್ ಚಿತ್ರವನ್ನು ಮಾರ್ಚ್ ಚಿತ್ರದೊಂದಿಗೆ ಹೋಲಿಸಬಾರದು. ಮಾರ್ಚನ್ನು ಹಿಂದಿನ ವರ್ಷಗಳ ಮಾರ್ಚಿನೊಂದಿಗೆ, ಮೋಡವಿಲ್ಲದ ದಿನಗಳನ್ನು ಆಯ್ದು ಹೋಲಿಸುವುದು ಸೂಕ್ತ. ಬರ ಪರಿಸ್ಥಿತಿಯ ಅಂದಾಜಿಗೆ ಉಪಗ್ರಹ ಚಿತ್ರದ ನಿಜವಾದ ಉಪಯೋಗ ಇರುವುದು ಇಲ್ಲಿ: ಒಂದೊಂದು ಮರವನ್ನು ಬಿಟ್ಟು, ಒಂದು ಗ್ರಾಮದ ಅಥವಾ ಒಂದು ನಾಲಾ ಅಚ್ಚುಕಟ್ಟಿನ ತೋಟಗಳು ಹಿಂದಿನ ವರ್ಷಗಳಿಗಿಂತ ಹೇಗಿವೆ ಎಂಬುದನ್ನು ನೋಡುವುದು.

ತೋಟದಲ್ಲಿ ಪರಿಶೀಲನೆ

ನಕ್ಷೆಯಲ್ಲಿ ಸೂಚ್ಯಂಕ ಕಡಿಮೆ ಇರುವ ಜಾಗದಿಂದ ಕನಿಷ್ಠ 5 ಮರ, ಚೆನ್ನಾಗಿರುವ ಜಾಗದಿಂದಲೂ 5 ಮರಗಳನ್ನು ಆಯ್ದು ನೋಡಬೇಕು. ಚೆನ್ನಾಗಿರುವ ಜಾಗವನ್ನು ಬಿಟ್ಟರೆ ವ್ಯತ್ಯಾಸ ತಿಳಿಯದು. ಪ್ರತಿ ಮರದಲ್ಲಿ ಕೆಳಸುತ್ತಿನ ಒಂದು ಗರಿಯ ತಳಭಾಗ, ಕಾಂಡದ ಮೇಲಿನ ಕಲೆ, ಬುಡದ ಸುತ್ತ ಅಣಬೆ, ಉದುರಿದ ಎಳೆಕಾಯಿ, ಪಾತಿಯ ತೇವ ಇವನ್ನು ಬರೆದುಕೊಂಡು ಮೊಬೈಲ್‌ನಲ್ಲಿ ಸ್ಥಳದ ಅಕ್ಷಾಂಶ-ರೇಖಾಂಶ ದಾಖಲಿಸಬೇಕು. ಚಿತ್ರ ತೆಗೆಯುವಾಗ ಚೌಕಟ್ಟಿನಲ್ಲಿ ಒಂದು ಬಿಳಿ ಕಾಗದ ಇಟ್ಟರೆ ಮುಂದೆ ಬಣ್ಣ ಸರಿಪಡಿಸಲು ಅನುಕೂಲ. ವಾಟ್ಸಾಪ್ ಮೂಲಕ ಸಾಧಾರಣ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ ಬಣ್ಣದ ವಿವರ ಕೆಡುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಬೇಕು.

ನಕ್ಷೆ ತಂದವರನ್ನು ರೈತರು ನಾಲ್ಕು ಪ್ರಶ್ನೆ ಕೇಳಬಹುದು. ಚಿತ್ರ ಯಾವ ದಿನದ್ದು? ಅವಕೆಂಪು ಇರುವ ಕ್ಯಾಮೆರಾದ್ದೇ? ಕೆಂಪು ಬಣ್ಣಕ್ಕೆ ಇಲ್ಲಿ ಅರ್ಥವೇನು? ನಮ್ಮೂರ ಕೆರೆ ಈ ನಕ್ಷೆಯಲ್ಲಿ ಹೇಗೆ ಕಾಣುತ್ತದೆ? ಉತ್ತರ ಸಿಗುವವರೆಗೆ ಮರ ಕಡಿಯುವುದಾಗಲಿ, ತೋಟಕ್ಕೆಲ್ಲ ಔಷಧಿ ಕೊಡುವುದಾಗಲಿ ಬೇಡ. ಅಣಬೆ ರೋಗದ ಸಂಶಯವಿರುವ ಮರದ ಬುಡದ ಚಿತ್ರ ಮತ್ತು ಅಂಟಿನ ಕಲೆಯ ಚಿತ್ರದೊಂದಿಗೆ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರ ಅಥವಾ ತಾಲ್ಲೂಕು ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು. ಬರುವಾಗ ನಕ್ಷೆಯ ಮುದ್ರಿತ ಪ್ರತಿಯ ಜೊತೆಗೆ ಮೂಲ ಚಿತ್ರದ ಕಡತವನ್ನೂ ತನ್ನಿ. ಮುದ್ರಿತ ಬಣ್ಣದಿಂದ ಸಂಖ್ಯೆಯನ್ನು ಮರಳಿ ಪಡೆಯಲಾಗದು.